ಕಾರೆಕೊಪ್ಪಲಿನ ಮನೆಗಳು

ಕಾಳಯ್ಯನ ಚಟ್ಟ ಉದಯಗಿರಿಯ ಓಣಿ ದಾಟಿದರೂ ಸುಂದರೇಶ ಬಿಡಲಿಲ್ಲ. ಜನರ ನಡುವೆ ತೂರಿಕೊಂಡು, ಹೆಗಲು ಕೊಟ್ಟಿದ್ದ, ಕಾಳಯ್ಯನ ಊರಿನವನೇ ಆದ ಸಿದ್ದರಾಜುವಿನ ಪಕ್ಕಕ್ಕೇ ಬಂದ.

"ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತೆ ಕಣ್ರೀ. ಅಲ್ಲಿ ಊರಿತ್ತು ಅಂತ ಕಾಳಯ್ಯ ಹೆಬ್ಬೆಟ್ಟು ಒತ್ತಬೇಕಾಗಿದ್ದ ಕಾಗದ ಇದು. ನೀವಾದರೂ ಒತ್ತಿ."

"ಮೊದ್ಲು ಮಣ್ಣಾಗ್ಲಿ ಸ್ವಾಮಿ."

ಹೆಣದ ಮುಂದೆ ಕಾಗದ ಹಿಡಿದು ಓಡುವುದು ಮರ್ಯಾದೆಯಲ್ಲ ಎಂದು ಸುಂದರೇಶನಿಗೂ ಗೊತ್ತಿತ್ತು. ಏನು ಮಾಡುವುದು? ಅವನು ಗುಮಾಸ್ತನಾಗಿದ್ದ ಕಚೇರಿ ಜಿಲ್ಲೆಯ ಚರಿತ್ರೆ ಬರೆಸುತ್ತಿತ್ತು. ಹದಿನೆಂಟು ವರ್ಷದ ಹಿಂದೆ, ಯುದ್ಧಕಾಲದಲ್ಲಿ, ಊರಾಚೆ ಮಾಡಿದ ವಿಮಾನ ಮೈದಾನಕ್ಕೆ ಅದರಲ್ಲಿ ಒಂದೇ ಸಾಲು: 'ವಸತಿಯಿಲ್ಲದ ಬಂಜರಿನಲ್ಲಿ ನಿರ್ಮಿಸಲಾಯಿತು.' ಆಧಾರ, ಶಾನುಭೋಗ ವೆಂಕಟಸುಬ್ಬಯ್ಯನವರ ಕೈಬರಹದ ದಾಖಲೆ. ಅವರು ಸುಂದರೇಶನ ತಂದೆ. ಆ ಬಂಜರಿನಲ್ಲಿ ಕಾರೆಕೊಪ್ಪಲು ಎಂಬ ಊರಿತ್ತು; ಸುಂದರೇಶ ಐದು ವರ್ಷದವರೆಗೆ ಬೆಳೆದದ್ದೂ ಅಲ್ಲೇ. ವಸತಿ ಇದೆಯೆಂದು ಬರೆದರೆ ಬೇರೆಡೆ ಊರು ಕಟ್ಟಿಕೊಡಬೇಕಾಗುತ್ತಿತ್ತು. ಮೇಲಿನವರು ಬೇಡವೆಂದರು, ಅಪ್ಪ ಬರೆದುಕೊಟ್ಟರು. ಸುಳ್ಳನ್ನು ತಿದ್ದಲೇಬೇಕು, ಆದರೆ ತಿದ್ದಿದವನು ಮಗ ಎನಿಸಿಕೊಳ್ಳಬಾರದು. ಈ ಸಂಕಟದಲ್ಲಿ ಅವನಿಗೆ ವಾರದಿಂದ ಅನ್ನ ಸೇರುತ್ತಿರಲಿಲ್ಲ.

*

ಹೋದ ತಿಂಗಳು ಕಾಳಯ್ಯನೇ ಅವನನ್ನು ರನ್‌ವೇ ಉದ್ದಕ್ಕೂ ನಡೆಸಿದ್ದ. ತನ್ನ ಊರಿನ ಮೇಲೆ ತಾನೇ ಜಲ್ಲಿ ಹೊತ್ತು ಸುರಿದವನು; ಆಮೇಲೆ ಅಲ್ಲೇ ದನ ಅಟ್ಟುವ ಕಾವಲುಗಾರ. ಎಲೆಅಡಿಕೆ ಉಗಿಯಲು ಹೋಗಿ ತಡೆದುಕೊಂಡ, ಹತ್ತು ಹೆಜ್ಜೆ ಆಚೆ ನಡೆದು ಉಗಿದ.

"ನಮ್ ಅಡುಗೆಮನೆ ಕಣ್ ಸ್ವಾಮಿ ಅದು," ಎಂದ. "ಇಲ್ಲಿ ಊರಿತ್ತು ಅಂತ ನೀವೇ ಬರೀಬೌದಲ್ಲ? ನೀವೂ ಇಲ್ಲೇ ಉಟ್ಟಿದೋರು."

"ನನಗೆ ಏನೂ ನೆನಪಿಲ್ಲ."

ಆದರೆ ಅವನಿಗೆ ತಮ್ಮ ಮನೆ ಜಗುಲಿಯ ಕಂಬದಲ್ಲಿದ್ದ ಬಿರುಕು ಕೂಡ ನೆನಪಿತ್ತು. ಕಾಳಯ್ಯ ಅವನ ಮುಖ ನೋಡಿ ನಕ್ಕ.

"ಆಗ್ಲಿ ಬುಡಿ. ನಾನೇ ಒತ್ತೀನಿ."

*

ಹೆಣ ಗುಂಡಿಗಿಳಿಯಿತು. ಸಿದ್ದರಾಜು ಗಂಟಲು ಸರಿಮಾಡಿಕೊಂಡು, "ಮೂಡ್ಲು ಬೀದಿ, ಬಾವಿ ಮನೆ," ಎಂದು ಕೂಗಿದ. ಒಬ್ಬ ಮುದುಕ ಬಂದು ಮೂರು ಹಿಡಿ ಮಣ್ಣು ಹಾಕಿದ. "ಕುಂಬಾರ್ರ ಮನೆ." ಇನ್ನೊಬ್ಬ ಬಂದ.

"ಏನಿದು?" ಎಂದು ಸುಂದರೇಶ ಕಾಳಯ್ಯನ ಮಗ ಮಹದೇವುವನ್ನು ಕೇಳಿದ.

"ಊರು ಚೆದ್ರೋಯ್ತಲ್ಲ ಸ್ವಾಮಿ. ಯಾರ್ ಸತ್ರೂ ಮಣ್ಣಾಕಾಗ ಅಲ್ಲಿದ್ದಂಗೇ ಮನೆ ಸಾಲಾಗಿ ಕರೀತೀವಿ. ಆ ಮನೆಯೋರು ಬರ್ದಿದ್ರೆ ಪಕ್ಕದ್ಮನೆಯೋರು ಆಕ್ತಾರೆ."

ಸುಂದರೇಶನಿಗೆ ಹೋದ ಜೀವ ಬಂದಂತಾಯಿತು. ಕಾಗದ ಮಗುಚಿ ಪೆನ್ಸಿಲ್‌ನಲ್ಲಿ ಗೀಚತೊಡಗಿದ. ಬೀದಿ ಬೀದಿಯಾಗಿ ಇಡೀ ಊರೇ ಸಾಕ್ಷಿ ನುಡಿಯುತ್ತಿತ್ತು. ತಾನು ಬಾಯಿ ಬಿಡುವುದೇ ಬೇಕಾಗಿಲ್ಲ. ಇಪ್ಪತ್ತಾರು ಮನೆಯಾದವು.

"ಶಾನುಭೋಗ್ರ ಮನೆ," ಎಂದ ಸಿದ್ದರಾಜು.

ಪೆನ್ಸಿಲ್ ನಿಂತಿತು. ಯಾರೂ ಅವನತ್ತ ತಿರುಗಲಿಲ್ಲ. ಪಕ್ಕದ ಮನೆಯ ಚೆಲುವರಾಜು ರೂಢಿಯಂತೆ ಬಗ್ಗಿ ಮಣ್ಣು ತುಂಬಿಕೊಂಡ.

"ಶಾನುಭೋಗ್ರ ಮನೆ," ಸಿದ್ದರಾಜು ಮತ್ತೊಮ್ಮೆ ಕೂಗಿದ.

ಸುಂದರೇಶ ಚಪ್ಪಲಿ ಬಿಟ್ಟು ಗುಂಡಿಯ ಅಂಚಿಗೆ ಬಂದ. "ಇದ್ದೀನಿ," ಎಂದ.

ಹದಿನೆಂಟು ವರ್ಷದಿಂದ ಆ ಮನೆಯ ಪಾಲು ಹಾಕುತ್ತಾ ಬಂದಿದ್ದ ಚೆಲುವರಾಜು ಕೈಯಲ್ಲಿದ್ದ ಮಣ್ಣನ್ನು ಅವನ ಬೊಗಸೆಗೆ ಸುರಿದ.