ಆ ಬೆಳಗಿನ ದರ

ಹಲಗೆಯ ಮೇಲೆ ಖ್ಲೀಫಾ ಬರೆದಿದ್ದ ಅಂಕಿಯನ್ನು ಬಷೀರ್ ತನ್ನ ಅಂಗಿಯ ತೋಳಿನಿಂದಲೇ ಒರೆಸಿಹಾಕಿದ. ಖ್ಲೀಫಾ ಕೂತಲ್ಲಿಂದ ಏಳಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಅದೇ ಅಂಕಿಯನ್ನು ಇನ್ನಷ್ಟು ದಪ್ಪಗೆ ಬರೆದ: ನೂರು ಲಿಬಿಯಾ ದಿನಾರಿಗೆ ನಲವತ್ತಮೂರು ಟುನೀಶಿಯಾ ದಿನಾರು.

"ತುಹಾಮಿ ಹೆಣ ಇದೇ ಬೀದೀಲಿ ಹೋಗುತ್ತೆ ಕಣಯ್ಯಾ," ಎಂದ ಬಷೀರ್. "ನಮ್ಮೋರೊಬ್ಬ ಸತ್ತ ದಿನ ಹಲಗೆ ಖಾಲಿ ಇರ್ಬೇಕು. ನಿಮ್ಮಪ್ಪ ಸತ್ತಾಗ ತುಹಾಮಿ ಅಳಿಸಿರ್ಲಿಲ್ವಾ?"

"ಅಳಿಸಿದ್ದ. ಅಳಿಸೋದು ಅವನಿಗೆ ಚೆನ್ನಾಗಿ ಬರ್ತಿತ್ತು."

ಬಷೀರ್ ಉಗುಳಿ ಮುಂದೆ ಹೋದ. ಟುನೀಶಿಯಾದ ಗಡಿ ಊರು ಬೆನ್ ಗರ್ದಾನಿನಲ್ಲಿ ಹಣ ಬದಲಾಯಿಸುವವರ ಆ ಬೀದಿಯಲ್ಲಿ ಉಳಿದವರೆಲ್ಲ ಮೇಜು ಮಡಚಿ, ಹಲಗೆ ಒರೆಸಿ ನಿಂತಿದ್ದರು. ಮೂವತ್ತು ವರ್ಷ ಈ ಬೀದಿಗೆ ಬಾಯಿ ಎಂದರೆ ತುಹಾಮಿ. ಬೆಳಿಗ್ಗೆ ಗಡಿಯಾಚೆ ಲಿಬಿಯಾದ ಝುವಾರಾಕ್ಕೆ ಫೋನು ಮಾಡಿಸಿ ದರ ಕೇಳುತ್ತಿದ್ದ. ಶೇಂಗಾ ಹಾಕಿದ ಕೆಂಪು ಚಹಾ ಒಂದು ಲೋಟ ಪೂರ್ತಿ ಕುಡಿಯುತ್ತಿದ್ದ. ಆಮೇಲೆ ಎದ್ದು ನಿಂತು ದರ ಕೂಗುತ್ತಿದ್ದ. ಅವನು ಕೂಗಿದ್ದನ್ನು ಎಲ್ಲರೂ ಹಲಗೆಗೆ ಬರೆಯುತ್ತಿದ್ದರು. ಅವನ ನಾಲಿಗೆಯಿಂದ ಬೈಸಿಕೊಳ್ಳದವರು ಬೀದಿಯಲ್ಲಿ ಯಾರೂ ಇರಲಿಲ್ಲ, ಅವನ ದರವನ್ನು ನಂಬದವರೂ ಇರಲಿಲ್ಲ.

ಚಟ್ಟ ಬಂತು. ಖ್ಲೀಫಾನ ಹಲಗೆಯ ಮುಂದೆ ಹೊತ್ತವರ ಹೆಜ್ಜೆ ತಡವರಿಸಿತು. ಹೊತ್ತವರಲ್ಲೊಬ್ಬನಾದ ಲಮೀನ್ ಚಟ್ಟದಡಿಯಿಂದಲೇ ಹಲ್ಲು ಕಡಿದ: "ತೋಪಿನ ಧಣಿಗೆ ಇವತ್ತೂ ವ್ಯಾಪಾರ." ಹಿಂದಿನವರು ಯಾರೋ ಕಿಸಕ್ಕೆಂದರು. ಖ್ಲೀಫಾ ಎದ್ದು, ಹಲಗೆಯನ್ನು ಹಾಗೇ ಬಿಟ್ಟು, ಅವರ ಹಿಂದೆ ನಡೆದ.

*

ತೋಪಿನ ಧಣಿ ಎಂಬ ಆ ಅಡ್ಡಹೆಸರು ಖ್ಲೀಫಾನಿಗೆ ಬಿದ್ದದ್ದು ಲಿಬಿಯಾದಲ್ಲಿ ದಂಗೆ ಎದ್ದ ವರ್ಷ. ದಂಗೆಯ ಹಿಂದಿನ ದಿನದವರೆಗೆ ನೂರಕ್ಕೆ ನೂರಾ ಹನ್ನೆರಡು ಇತ್ತು. ಅಪ್ಪನ ಆಲಿವ್ ತೋಪು ಮಾರಿದ ಹಣ ಖ್ಲೀಫಾನ ಚೀಲದಲ್ಲಿತ್ತು. ಬೀದಿಯಲ್ಲಿ ಕೊಡೆಯಡಿ ಕೂರುವುದು ಬಿಟ್ಟು ಒಂದು ಅಂಗಡಿ ಹಿಡಿಯಬೇಕೆಂಬ ಆಸೆ ಅವನದು. ದಂಗೆ ಎದ್ದ ಆ ಬೆಳಿಗ್ಗೆ ತುಹಾಮಿ ಎಂದಿಗಿಂತ ಬೇಗನೆ ದರ ಕೂಗಲು ಎದ್ದು ನಿಂತ.

"ನೂರಾ ಹನ್ನೆರಡು! ನಾಳೆ ಏರುತ್ತೆ. ಬೇಕಾದೋರು ಇವತ್ತೇ ತಗೊಳ್ಳಿ."

ತನ್ನ ಬಳಿಯಿದ್ದ ಲಿಬಿಯಾ ನೋಟಿನ ಮೂಟೆಗಳನ್ನು ತಾನೇ ಹೊತ್ತು ತಂದು ಖ್ಲೀಫಾನ ಮೇಜಿನ ಮೇಲಿಟ್ಟ. ಬಷೀರ್, ಲಮೀನ್ ಕೂಡ ಅಷ್ಟಿಷ್ಟು ಕೊಂಡರು. ಮಧ್ಯಾಹ್ನದ ಹೊತ್ತಿಗೆ ಗಡಿ ದಾಟಿ ಓಡಿಬಂದ ಜನ ನೋಟಿನ ಕಟ್ಟುಗಳನ್ನು ಎಷ್ಟಕ್ಕಾದರೂ ಸರಿ ಎಂದು ಚಾಚುತ್ತಿದ್ದರು. ಮತ್ತೆಂದೂ ಆ ದರ ಮೇಲೇಳಲಿಲ್ಲ.

ಫೋನು ಸತ್ತಿತ್ತು, ಹಿಂದಿನ ದಿನದ ದರವನ್ನೇ ಕೂಗಿದೆ ಎಂದು ತುಹಾಮಿ ಕೈಚೆಲ್ಲಿದ. ಬೀದಿ ನಂಬಿತು. ಬಷೀರ್, ಲಮೀನ್ ಹಣೆಬರಹ ಎಂದು ಸುಮ್ಮನಾದರು. ತೋಪನ್ನೇ ಸುರಿದ ಖ್ಲೀಫಾ ಮಾತ್ರ ದುರಾಸೆಯವನಾದ. ಅವನ ಹೆಂಡತಿಯೂ ಅದನ್ನೇ ನಂಬಿದಳು. ಆದರೆ ಅಂದು ತುಹಾಮಿಯ ಚಹಾ ಲೋಟ ತುಂಬಿದ್ದು ತುಂಬಿದ ಹಾಗೇ ತಣ್ಣಗಾಗಿತ್ತು. ಖ್ಲೀಫಾ ಅದನ್ನು ನೋಡಿದ್ದ, ಮರೆತಿರಲಿಲ್ಲ. ಹಿಂದಿನ ದಿನದ ದರ ಕೂಗಲು ಯಾರೂ ಚಹಾ ಬಿಟ್ಟು ಏಳುವುದಿಲ್ಲ.

*

ಸ್ಮಶಾನದ ಬಾಗಿಲಲ್ಲಿ ಚಟ್ಟ ಇಳಿಸಿ ನಮಾಜು ಮುಗಿಸಿದರು. ಗುಂಡಿ ತೋಡಿದ್ದು ದಿಬ್ಬದ ಆಚೆ. ಎತ್ತುವ ಮೊದಲು ಇಮಾಮ್ ಜನರತ್ತ ತಿರುಗಿ, ಇವನಿಂದ ನೊಂದವರಿದ್ದರೆ ಮನ್ನಿಸಿಬಿಡಿ ಎಂದರು.

"ಮನ್ನಿಸಿದ್ವಿ," ಎಂದರು ಎಲ್ಲರೂ.

"ನಾನು ಮನ್ನಿಸಿಲ್ಲ," ಎಂದ ಖ್ಲೀಫಾ.

ಜನ ಅವನ ಮೇಲೆ ಮುಗಿಬಿದ್ದರು. ಹೆಣದ ಮುಂದೆ ಹಗೆ ತೆಗೆಯುವ ನಾಚಿಕೆಗೆಟ್ಟವನು ಎಂದು ಒಬ್ಬ, ಹೊರಗೆ ದಬ್ಬಿ ಎಂದು ಇನ್ನೊಬ್ಬ. ತುಹಾಮಿಯ ಮಗ ನಾಜಿ ಜನರನ್ನು ಸರಿಸಿ ಮುಂದೆ ಬಂದ. ಕಣ್ಣು ಕೆಂಪಾಗಿದ್ದವು.

"ಎಷ್ಟು ಬೇಕು ಹೇಳಿ ಚಿಕ್ಕಪ್ಪ. ನಾನು ಕೊಡ್ತೀನಿ."

"ನಿನ್ನ ದುಡ್ಡು ನೀನೇ ಇಟ್ಕೋ. ಅವತ್ತು ಬೆಳಿಗ್ಗೆ ಫೋನು ಹಿಡಿದಿದ್ದು ನೀನು. ಝುವಾರಾದೋರು ಎಷ್ಟಂದ್ರು? ಅಷ್ಟು ಹೇಳು, ಮನ್ನಿಸ್ತೀನಿ."

ನಾಜಿ ತಲೆ ತಗ್ಗಿಸಿದ. ನಾಳೆಯಿಂದ ಅಪ್ಪನ ಜಾಗದಲ್ಲಿ ನಿಂತು ದರ ಕೂಗಬೇಕಾದವನು ಅವನೇ. ಬೀದಿಯೆಲ್ಲ ಅವನ ಬಾಯಿ ನೋಡುತ್ತಿತ್ತು.

"ಫೋನು ಸತ್ತಿತ್ತು ಅಂತ ಎಷ್ಟು ಸಲ ಹೇಳ್ಬೇಕು ಇವನಿಗೆ," ಎಂದ ಬಷೀರ್. "ಹೇಳಪ್ಪ ನಾಜಿ, ಬಾಯಿ ಮುಚ್ಚಿಸು."

"ಸತ್ತಿರ್ಲಿಲ್ಲ," ಎಂದ ನಾಜಿ. "ಅಪ್ಪನ್ನ ಪಾಪದ ಹೊರೆ ಸಮೇತ ಮಣ್ಣಿಗಿಡಬೇಡ ಅಂದ್ಲು ಅಮ್ಮ. ಅವತ್ತು ಝುವಾರಾದೋರು ಎಂಬತ್ತೆರಡು ಅಂದ್ರು. ಅಪ್ಪ ನಂಬದೆ ಎರಡನೇ ಸಲ ಕೇಳಿಸ್ದ. ಎಂಬತ್ತೆರಡೇ. ಆಮೇಲೆ ಹೊರಗೆ ಹೋಗಿ ನೂರಾ ಹನ್ನೆರಡು ಅಂತ ಕೂಗ್ದ."

ಈ ಒಂದು ಮಾತು ಕೇಳಿದರೆ ಎದೆ ಹಗುರಾಗುತ್ತದೆ ಎಂದು ಖ್ಲೀಫಾ ಇಷ್ಟು ವರ್ಷ ನಂಬಿದ್ದ. ಹಗುರಾಗಲಿಲ್ಲ, ಸಿಟ್ಟು ಇನ್ನಷ್ಟು ಏರಿತು. ಆದರೂ ಕೊಟ್ಟ ಮಾತು.

"ಮನ್ನಿಸ್ದೆ," ಎಂದ.

ಇಮಾಮ್ ಚಟ್ಟ ಎತ್ತಲು ಸನ್ನೆ ಮಾಡಿದರು. ಬಷೀರ್ ಬಗ್ಗಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ಕೊಡವಿದ.

"ನಾನೂ ಅವತ್ತು ಕೊಂಡಿದ್ದೆ," ಎಂದು ಬಾಗಿಲತ್ತ ನಡೆದ. ಲಮೀನ್ ಖ್ಲೀಫಾನ ಮುಖ ನೋಡಲಾರದೆ ಅವನ ಹಿಂದೆ ಹೋದ. ಆಮೇಲೆ ಬೀದಿಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮನ್ನಿಸಿದ್ವಿ ಎಂದು ಈಗ ತಾನೇ ಅಂದವರು ಅವರೇ.

ಗುಂಡಿ ತೋಡಿದ ಇಬ್ಬರು ಆಳುಗಳು ಬಂದು ಹಿಂದಿನ ಬೊಂಬು ಹಿಡಿದರು. ಮುಂದೆ ಒಂದು ಕಡೆ ನಾಜಿ. ಇನ್ನೊಂದು ಕಡೆ ಖಾಲಿ. ನಾಜಿ ಖ್ಲೀಫಾನನ್ನು ನೋಡಿದ, ಕೇಳಲಿಲ್ಲ.

ಖ್ಲೀಫಾ ಸೀಮೆಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡು, ಸತ್ತವನನ್ನು ಮನಸ್ಸಿನಲ್ಲೇ ಬೈಯುತ್ತ ಬಗ್ಗಿ ಹೆಗಲು ಕೊಟ್ಟ. ನಾಜಿ ಅಪ್ಪನ ಹಾಗೇ ಎತ್ತರದ ಆಳು, ಖ್ಲೀಫಾ ಕುಳ್ಳ. ದಿಬ್ಬ ಏರುತ್ತಿದ್ದಂತೆ ಚಟ್ಟ ಅವನತ್ತ ವಾಲಿತು, ತುಹಾಮಿಯ ಭಾರವೆಲ್ಲ ಅವನ ಕಡೆಗೇ ಜಾರಿಕೊಂಡು ಬಂತು.