ಇಲ್ಲದ ಬ್ರೇಕು

ಓಣಿಯಿಂದ ಒಬ್ಬ ಸೈಕಲ್ ಸವಾರ ಸರಕ್ಕನೆ ಅಡ್ಡ ಬಂದ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದ ಬ್ರೇಕಮ್ಮ ಬಲಗಾಲನ್ನು ಜೋರಾಗಿ ಕೆಳಗೆ ಒತ್ತಿದಳು.

ಅಲ್ಲಿ ಬ್ರೇಕ್ ಇರಲಿಲ್ಲ. ಇದು ಅವಳು ಪಾಠ ಹೇಳುವ, ಎರಡೂ ಕಡೆ ಬ್ರೇಕಿರುವ ಡ್ರೈವಿಂಗ್ ಸ್ಕೂಲಿನ ಕಾರಲ್ಲ, ಮನೆಯ ಕಾರು. ಪಾದದ ಕೆಳಗಿದ್ದದ್ದು ರಬ್ಬರ್ ಮ್ಯಾಟು, ಅದರಡಿ ತಗಡು. ಗಾಡಿ ನಿಂತದ್ದು ಮಗಳು ಹಾಕಿದ ಬ್ರೇಕಿಗೆ, ಅದೂ ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಮೆತ್ತಗೆ. ಸೈಕಲ್ಲಿನವನು ತಿರುಗಿಯೂ ನೋಡದೆ ಹೋದ. ಬ್ರೇಕಮ್ಮನ ಪಾದದೊಳಗೆ ಮಾತ್ರ ಎಲ್ಲೋ 'ಟಕ್' ಅಂದಿತು.

"ಏನಾಯ್ತಮ್ಮ?"

"ಏನಿಲ್ಲ. ರಸ್ತೆ ನೋಡ್ಕೊಂಡು ಓಡ್ಸು."

ಹಾಗಂದು, ಆಪರೇಷನ್ ಆದ ಕಾಲಿಗೆ ಆಸ್ಪತ್ರೆಯವರು ಹಾಕಿದ್ದ, ಮೊಣಕಾಲಿನ ತನಕ ಬರುವ ಪ್ಲಾಸ್ಟಿಕ್ ಬೂಟಿನೊಳಗೆ ಬೆರಳು ಆಡಿಸಿ ನೋಡಿದಳು. ಆಡಿದವು. ನೋವೂ ಅಂಥದ್ದೇನಿಲ್ಲ. ಅದೇ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಬಿದ್ದ ದಿನವೂ ಮೊದಲು ನೋವಾಗಿರಲಿಲ್ಲ, ಶಬ್ದವೇ ಮೊದಲು ಬಂದಿತ್ತು.

ಬಿದ್ದದ್ದಾದರೂ ಯಾವ ಘನಂದಾರಿ ಅಪಘಾತದಲ್ಲಿ? ಎಷ್ಟೋ ವರ್ಷದಿಂದ ಡ್ರೈವಿಂಗ್ ಕಲಿಯುವ ಹೊಸಬರ ಪಕ್ಕ ಕೂತು, ಅವರಿಂದಲೇ 'ಬ್ರೇಕಮ್ಮ' ಅನ್ನಿಸಿಕೊಂಡು, ಲಾರಿ, ಬಸ್ಸು, ಕಂಬ, ಹಸು ಎಲ್ಲದರಿಂದ ಪಾರಾಗಿ ಬಂದವಳು ನಿಂತ ಕಾರಿನಿಂದ ಇಳಿಯುವಾಗ ಫುಟ್‌ಪಾತಿನ ಅಂಚು ತಪ್ಪಿ ಪಾದ ಹೊರಳಿಸಿಕೊಂಡಿದ್ದಳು. ಇಳಿಯುತ್ತ ಹಿಂದಕ್ಕೆ ತಿರುಗಿ ಶಿಷ್ಯನಿಗೆ "ಮುಂದೆ ನೋಡ್ರೀ, ಮುಂದೆ!" ಅಂತ ಬೈಯುತ್ತಿದ್ದಳು. ಈ ಭಾಗವನ್ನು ಅವಳು ಯಾರಿಗೂ ಹೇಳಿಲ್ಲ. ಶಿಷ್ಯ ಎಲ್ಲರಿಗೂ ಹೇಳಿದ್ದಾನೆ.

ಆಪರೇಷನ್ನಿನಲ್ಲಿ ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು, ಆದರೆ ಕಿವಿ ಎಚ್ಚರವಾಗಿತ್ತು. ಪರದೆಯಾಚೆ ಡ್ರಿಲ್ಲು ಗುಂಯ್‌ಗುಡುವುದು, ಸುತ್ತಿಗೆಯ ಸಣ್ಣ ಏಟು, ಯಾರೋ ಸ್ಕ್ರೂ ಕೇಳುವುದು. ತನ್ನನ್ನು ಗ್ಯಾರೇಜಿಗೆ ಬಿಟ್ಟಿದ್ದಾರೆ ಅನ್ನಿಸಿತ್ತು. ಕಣಕಾಲಿನ ಹೊರಬದಿಯ ಮುರಿದ ಮೂಳೆಗೆ ಒಂದು ಪ್ಲೇಟು. ಅದಲ್ಲದೆ ಎರಡು ಮೂಳೆ ಅಗಲದ ಹಾಗೆ ಅಡ್ಡಲಾಗಿ ಒಂದು ಉದ್ದ ಸ್ಕ್ರೂ. "ಇದು ಸ್ವಲ್ಪ ನಾಜೂಕು. ಕಾಲು ಮೆಲ್ಲಗೆ ಊರಿ, ಒಮ್ಮೆಗೇ ಭಾರ ಹಾಕ್ಬೇಡಿ" ಎಂದಿದ್ದರು ಮೂಳೆ ಡಾಕ್ಟರು. ಇಷ್ಟು ದಿನ ಗಾಜಿನ ಲೋಟವನ್ನು ಹೊತ್ತ ಹಾಗೆ ಪಾದವನ್ನು ಹೊತ್ತಿದ್ದಳು. ಇವತ್ತು ಅದನ್ನು ತೋರಿಸಲಿಕ್ಕೆಂದು ಹೋಗುವ ದಾರಿಯಲ್ಲೇ ಲೋಟ ಎತ್ತಿ ಕುಕ್ಕಿದ್ದಳು.

ಮಗಳಿಗೆ ಹೇಳುವಂತಿರಲಿಲ್ಲ. ಹೊರಡುವ ಮುಂಚೆಯೇ ಒಪ್ಪಂದವಾಗಿತ್ತು.

"ನೋಡಮ್ಮ, ನಾನು ಓಡಿಸ್ತೀನಿ, ನೀನು ಬಾಯಿ ಬಿಡಬಾರ್ದು. ಗೇರ್ ಅನ್ಬಾರ್ದು, ಹಾರ್ನ್ ಅನ್ಬಾರ್ದು, 'ಅಯ್ಯೋ' ಕೂಡ ಅನ್ಬಾರ್ದು."

"ಬಾಯಿಗೆ ಬೀಗ. ಸರೀನಾ?"

ಮಗಳು ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ, ಕೊನೆಗೆ ಎದುರಾಳಿ ಸ್ಕೂಲಿಗೆ ಸೇರಿ ಪಾಸಾದವಳು. "ನೀನು ಪಕ್ಕ ಕೂತ್ರೆ ನನಗೆ ಕಾಲೇ ಬೇಡ ಕಣಮ್ಮ, ಎಲ್ಲಾ ನೀನೇ ಒತ್ತಿಬಿಡ್ತೀಯ" ಎಂದು ಆಗ ಅತ್ತಿದ್ದಳು. ಬಾಯಿಯೇನೋ ಮಾತು ಉಳಿಸಿಕೊಂಡಿತು. ಕಾಲು ಮಾನ ಕಳೆಯಿತು.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಬೂಟು ಬಿಚ್ಚಿದಾಗ ಬ್ರೇಕಮ್ಮ ಬೇರೆಡೆ ನೋಡಿದಳು. "ಅಲ್ಲಾಡ್ಬೇಡಿ" ಎಂದ ಎಕ್ಸ್‌ರೇಯವನು. ನಡುಗುವುದು ನಿಲ್ಲಬೇಕಲ್ಲ! ಹೊರಗೆ ಬೆಂಚಿನ ಮೇಲೆ ಕಾಯುವಾಗ ಒಂದೇ ಯೋಚನೆ: ಮತ್ತೆ ಕೊಯ್ಯುತ್ತಾರೆ. ಆಮೇಲೆ ಈ ಕಾಲು ಬರೀ ನಡೆಯುವ ಕಾಲಾಗುತ್ತದೆ, ಬ್ರೇಕಿನ ಕಾಲಾಗುವುದಿಲ್ಲ. ಬ್ರೇಕಿಲ್ಲದವಳ ಪಕ್ಕ ಯಾರು ತಾನೇ ಕಲಿಯಲು ಕೂರುತ್ತಾರೆ?

"ನೀರು ಬೇಕಾ?" ಮಗಳು ಕೇಳಿದಳು.

"ಬೇಡ."

"ಬೆವರ್ತಾ ಇದೀಯ."

"ಸೆಕೆ."

ಫ್ಯಾನು ನೆತ್ತಿಯ ಮೇಲೇ ತಿರುಗುತ್ತಿತ್ತು. ಮಗಳು ಅದನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು.

ಡಾಕ್ಟರು ಚಿತ್ರವನ್ನು ದೊಡ್ಡದು ಮಾಡಿ ಪೆನ್ನಿನ ತುದಿ ಇಟ್ಟರು. "ಮೂಳೆ ಚೆನ್ನಾಗಿ ಕೂಡ್ಕೊಂಡಿದೆ. ಈ ಉದ್ದ ಸ್ಕ್ರೂ ಮುರಿದಿದೆ ನೋಡಿ."

ಬ್ರೇಕಮ್ಮ ಮುಂದಕ್ಕೆ ಬಾಗಿದಳು. ಬಿಳಿ ಕಡ್ಡಿಯ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ.

"ಕಾಲು ಜೋರಾಗಿ ಏನಾದ್ರೂ ಊರಿದ್ರಾ?"

ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಮಾತು ಬಂತು. "ಬ್ರೇಕ್ ಹಾಕಿದ್ರು ಡಾಕ್ಟ್ರೇ, ಈಗ ಬರೋವಾಗ. ಇಲ್ಲದ ಬ್ರೇಕು."

"ನಿನಗೆ ಗೊತ್ತಿತ್ತಾ?"

"ಕಾರೇ ನಡುಗ್ತಲ್ಲಮ್ಮ! ನೀನು ಏನಿಲ್ಲ ಅಂದೆ, ನಾನೂ ರಸ್ತೆ ನೋಡ್ಕೊಂಡು ಓಡ್ಸಿದೆ." ಧ್ವನಿ ತಮಾಷೆಯದು, ಆದರೆ ಮಗಳ ಬೆರಳುಗಳು ಕಾರಿನ ಕೀಲಿಯನ್ನು ಹಿಸುಕುತ್ತಿದ್ದವು. ಬೆಂಚಿನ ಮೇಲೆ ಹೆದರಿ ಕೂತಿದ್ದವಳು ತಾನೊಬ್ಬಳೇ ಅಲ್ಲ ಎಂದು ಬ್ರೇಕಮ್ಮನಿಗೆ ಆಗ ಹೊಳೆಯಿತು.

ಡಾಕ್ಟರು ನಕ್ಕರು. "ಇವತ್ತೇ ಮುರಿದಿದ್ದು ಅಂತ ಹೇಳೋಕಾಗಲ್ಲ. ನಡೆಯೋಕೆ ಶುರು ಮಾಡಿದ್ಮೇಲೆ ತುಂಬಾ ಜನಕ್ಕೆ ಇದು ಮುರಿಯುತ್ತೆ. ಎರಡು ಮೂಳೆ ಅಗಲಿಲ್ಲ, ಅಂದ್ರೆ ಅದರ ಕೆಲಸ ಮುಗೀತು. ತೊಂದ್ರೆ ಕೊಟ್ರೆ ತೆಗೆಯೋಣ, ಇಲ್ಲಾಂದ್ರೆ ಇರ್ಲಿ ಬಿಡಿ."

"ಮುರಿದದ್ದು ಒಳಗೇ ಇರುತ್ತಾ?"

"ಇರುತ್ತೆ. ನಿಮಗೆ ಗೊತ್ತೂ ಆಗಲ್ಲ." ಅವರು ಗಾಲಿಯ ಸ್ಟೂಲ್ ಎಳೆದುಕೊಂಡು ಕೂತು ಅವಳ ಅಂಗಾಲಿಗೆ ಅಂಗೈ ಇಟ್ಟರು. "ಈಗ ಒತ್ತಿ ನೋಡೋಣ."

ಅವಳು ಒತ್ತಿದಳು. ಒತ್ತಿದೆನೆಂದುಕೊಂಡಳು. ಪಾದ ಯಾರದ್ದೋ ಸಾಮಾನಿನ ಹಾಗೆ ಬಿದ್ದಿತ್ತು.

"ಇನ್ನೂ."

ಆಗಲಿಲ್ಲ. ಮುರಿದ ಕಡ್ಡಿಯ ಕಪ್ಪು ಗೆರೆ ಕಣ್ಣ ಮುಂದೆಯೇ ಇತ್ತು. ಡಾಕ್ಟರ ಮುಖದ ನಗು ಮೆಲ್ಲನೆ ಇಳಿಯಿತು. "ಇಷ್ಟು ಬಲದಲ್ಲಿ ಪೆಡಲ್ ಮುಟ್ಟೋದು ಬೇಡ. ವ್ಯಾಯಾಮ ಮಾಡಿ, ಆಮೇಲೆ..."

ಆಮೇಲೆ ಯಾವಾಗ?

"ಅಮ್ಮಾ, ಸೈಕಲ್!" ಮಗಳು ಕಿರುಚಿದಳು.

ಡಾಕ್ಟರ ಸ್ಟೂಲು ಹಿಂದಕ್ಕೆ ಜಾರಿ ಗೋಡೆಗೆ ತಾಗಿತು. ಅವರು ತಮ್ಮ ಅಂಗೈಯನ್ನೂ, ಗಾಳಿಯಲ್ಲಿ ನೆಟ್ಟಗೆ ನಿಂತ ಆ ಪಾದವನ್ನೂ ನೋಡಿದರು. ಬಾಗಿಲಲ್ಲಿ ನರ್ಸ್ ಇಣುಕಿ, "ಎಲ್ಲಿ ಸೈಕಲ್ಲು?" ಅಂದಳು.

ಪಾದದೊಳಗೆ ಶಬ್ದ ಬಂತೇ ಎಂದು ಬ್ರೇಕಮ್ಮ ಉಸಿರು ಬಿಗಿಹಿಡಿದು ಕಾದಳು. ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು.

"ಬಲ ಇದೆ," ಎಂದರು ಡಾಕ್ಟರು, ಕೈ ಕೊಡವಿಕೊಂಡು ಮಗಳತ್ತ ತಿರುಗುತ್ತ. "ಧೈರ್ಯ ಬರಬೇಕು. ಆದ್ರೆ ಈ ಮದ್ದು ಮನೇಲಿ ಕೊಡ್ಬೇಡಮ್ಮ, ಕಾಲಿನ ಜೊತೆ ಎದೆಯೂ ನೋಡ್ಬೇಕಾಗುತ್ತೆ."

ಹೊರಗೆ ಬಂದ ಮೇಲೆ ಮಗಳು ಹಿಂದಿನ ಬಾಗಿಲು ತೆಗೆದು ನಿಂತಳು. ಬ್ರೇಕಮ್ಮ ಎದುರಾಡಲಿಲ್ಲ. ಊರುಗೋಲು ಒಳಗೆ ಹಾಕಿ, ಕಾಲನ್ನು ಸೀಟಿನ ಮೇಲೆ ಉದ್ದಕ್ಕೆ ಚಾಚಿದಳು. ಅಲ್ಲಿ ಒತ್ತಲು ನೆಲವೇ ಇರಲಿಲ್ಲ. ಗಾಡಿ ಗೇಟು ದಾಟಿತು. ಎದುರಿಗೆ ಬಸ್ಸೊಂದು ತಿರುಗುತ್ತಿತ್ತು.

ಅವಳು ಎರಡೂ ಕೈಯಿಂದ ತನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಸ್ಸು ನೋಡಿದೆ ಕಣಮ್ಮ," ಎಂದಳು ಮಗಳು, ಕನ್ನಡಿಯತ್ತ ನೋಡದೆಯೇ.