ಭಾಗಮ್ಮನ ಹಿಂದಿನ ಖೋಲಿ

ಭಾಗಮ್ಮ ಬಾಯಿ ಜೋರಿನಾಕಿ ಅಂತ ಶಹಾಬಾದಿನ ನಮ್ಮ ಓಣಿ ತುಂಬ ನನ್ನ ಹೆಸರದ. ಇರಲಿ ಬಿಡ್ರಿ. ದಿನಾ ಹೊತ್ತು ಮೂಡೂದರಾಗ ಬುಟ್ಟಿಗಟ್ಟಲೆ ಜ್ವಾಳದ ರೊಟ್ಟಿ ಬಡದು ವಾಡಿ ಊರಿನ ಖಾನಾವಳಿಗಿ ಕಳಸೂ ಹೆಣ್ಣಮಗಳ ಬಾಯಿ ಮೆತ್ತಗಿದ್ರ ನಡೀತದೇನು? ಮನಿ ಕಟ್ಟಿ ನೋಡು, ಮದಿವಿ ಮಾಡಿ ನೋಡು ಅಂತಾರ. ಮದಿವಿ ನಾ ಮಾಡ್ಕೊಂಡು ನೋಡೀನಿ. ಗಂಡ ಅನಿಸ್ಕೊಂಡಾಂವ ಸೊಲ್ಲಾಪುರದಾಗ ಇನ್ನೊಬ್ಬಾಕಿನ್ನ ಇಟ್ಕೊಂಡು ಆರಾಮ ಅದಾನ. ಹಣಿಮ್ಯಾಲಿನ ಕುಂಕುಮಕ್ಕ ಗಂಡ ಅದಾನ, ನನಗಿಲ್ಲ.

ನಾ ಗಂಡನ್ನ ಬಿಟ್ಟು ಬಂದಾಗ ನಮ್ಮಪ್ಪ ಮಡಿವಾಳಯ್ಯ ಒಂದು ಮಾತು ಕೇಳಲಿಲ್ಲ. ಹಿತ್ತಲದಾಗ ದನ ಕಟ್ಟೂ ಜಾಗಾದಾಗ ಒಂದು ಖೋಲಿ ಕಟ್ಟಿಸಿದ. ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಫರ್ಸಿ ಕಲ್ಲಿನ ಹಾಸು. ಮೂಲ್ಯಾಗ ಎರಡು ಒಲಿ ಹೂಡಿಸಿದ. "ಯಾರ ಮುಂದೂ ಕೈ ಚಾಚಬ್ಯಾಡ, ಇಲ್ಲೇ ರೊಟ್ಟಿ ಬಡದು ಇಲ್ಲೇ ಉಣ್ಣು" ಅಂದ. ಅಪ್ಪ ಅವ್ವ ಇಬ್ಬರೂ ಹೋದ ಮ್ಯಾಲ ಆ ಮನಿಯೊಳಗ ಉಳದವರು ನಾನು, ನನ್ನ ತಮ್ಮ ಸಿದ್ಧಲಿಂಗ, ಅವನ ಹೇಣ್ತಿ ಶಿವಗಂಗಾ. ತಮ್ಮ ಸೊಸೈಟಿಯೊಳಗ ಗುಮಾಸ್ತ. ಶಿವಗಂಗಾ ತಣ್ಣನ ಮನಸಿನ ಹುಡುಗಿ, ಸುಳ್ಳ್ಯಾಕ ಹೇಳಲಿ.

ಮುಂದಿನ ಮನಿ ಮುತ್ಯಾನ ಕಾಲದ್ದು. ಮಣ್ಣಿನ ಮಾಳಗಿ, ಕಟಗಿ ತೊಲಿ. ಹ್ವಾದ ವರ್ಷ ಮಳಿ ಜಡಿ ಹಿಡೀತು. ಒಂದಿನ ಮಧ್ಯಾಹ್ನ ನಡುಮನಿ ಮಾಳಗಿ ಅರ್ಧಕ್ಕರ್ಧ ಧಡಲ್ ಅಂತ ಕುಸೀತು. ಆಗ ಶಿವಗಂಗಾ ಬಸುರಿ. ನೀರು ಕುಡೀಲಿಕ್ಕಿ ಅಂತ ಆಗಷ್ಟೇ ಎದ್ದು ಹೋಗಿದ್ಳು, ಆಕಿ ಮಲಗಿದ್ದ ಚಾಪಿ ಮ್ಯಾಲ ತೊಲಿ ಬಿದ್ದಿತ್ತು. ಯಪ್ಪಾ ಶಿವನೇ! ಆ ಹುಡುಗಿನ್ನ ಅಪ್ಪಿಕೊಂಡು ನಾ ಅತ್ತಷ್ಟು ನಮ್ಮವ್ವ ಸತ್ತಾಗೂ ಅತ್ತಿದ್ದಿಲ್ಲ.

ಬ್ಯಾಂಕಿನ ಸಾಲದ ಮಾತು ಬಂದಿದ್ದೇ ಆವಾಗ. ಸಿದ್ಧಲಿಂಗ ಬ್ಯಾಂಕಿಗಿ ಹೋಗಿ ಬಂದು ನನ್ನ ಒಲಿ ಮುಂದ ಕುಂತ.

"ಅಕ್ಕಾ, ಮನಿ ಅಡವು ಇಟ್ಕೊಂಡು ಸಾಲ ಕೊಡ್ತಾರಂತ. ಆದ್ರ ಮನಿ ಇನ್ನೂ ಅಪ್ಪನ ಹೆಸರಿಲೇ ಅದ. ಒಬ್ಬರ ಹೆಸರಿಗಿ ಆಗಬೇಕಂತ."

"ಆಗಲಿ. ನಿನ್ನ ಹೆಸರಿಗಿ ಮಾಡ್ಕೊ."

"ನೀ ಹಕ್ಕು ಬಿಟ್ಟೀನಿ ಅಂತ ಸಹಿ ಮಾಡಬೇಕಾಗ್ತದ."

ನಾ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. "ಮತ್ತ ನನ್ನ ಖೋಲಿ?" ಅಂತ ಕೇಳಿದೆ.

ಅಂವ ಕೊರಳಾಗಿನ ಲಿಂಗಕ್ಕ ಕೈ ಹಚ್ಚಿದ. "ಲಿಂಗಾ ಮುಟ್ಟಿ ಹೇಳ್ತೀನಿ ಅಕ್ಕಾ. ಬಿದ್ದದ್ದು ಮುಂದಿನ ಮನಿ. ನಿನ್ನ ಖೋಲಿದು ಒಂದು ಕಲ್ಲೂ ಅಲಗಂಗಿಲ್ಲ."

ಎದುರುಮನಿ ಹಸೀನಾಬೇಗಂ ನನ್ನ ಜೀವದ ಗೆಳತಿ. ನಾ ಆಕಿಗಿ ಆಪಾ ಅಂತೀನಿ. ಸುದ್ದಿ ಕೇಳಿ ಆಪಾ ತಲಿ ಮ್ಯಾಲಿನ ಸೆರಗ ಸರಿ ಮಾಡ್ಕೊಂತ ಅಂದ್ಳು, "ಭಾಗಮ್ಮ, ತಮ್ಮ ಚಲೋ ಅದಾನ, ಖರೇ. ಆದ್ರೂ ಸಹಿ ಮಾಡೂಕಿಂತ ಮೊದಲ ನಿನ್ನ ಖೋಲಿ ಕಾಗದದಾಗ ಬರಿಸ್ಕೋ." ನನಗ ಸಿಟ್ಟು ನೆತ್ತಿಗೇರ್ತು. "ಲಿಂಗಾ ಮುಟ್ಟಿ ಹೇಳ್ಯಾನ. ಅದರಕಿಂತ ದೊಡ್ಡ ಕಾಗದ ಯಾವುದದ ಆಪಾ?" ಅಂತ ಬಾಯಿ ಮಾಡಿದೆ.

ಚಿತ್ತಾಪುರಕ್ಕ ಹೋಗಿ ರಿಜಿಸ್ಟರ್ ಆಫೀಸಿನಾಗ ಸಹಿ ಹಾಕಿ ಬಂದೆ. ಬರೂ ಮುಂದ ತಮ್ಮ ಬಸ್‌ಸ್ಟ್ಯಾಂಡಿನಾಗ ಮಿರ್ಚಿ ಭಜಿ ತಿನಿಸಿದ. ಸಣ್ಣಾಂವ ಇದ್ದಾಗಿನಂಗ ನನ್ನ ಹೆಗಲ ಮ್ಯಾಲ ತಲಿ ಇಟ್ಟು ಬಸ್ಸಿನಾಗ ನಿದ್ದಿ ಮಾಡಿದ.

ಅದಾದ ಮ್ಯಾಲ ಬ್ಯಾಂಕಿನ ಕಡಿಂದ ಮನಿ ನೋಡಲಿಕ್ಕಿ ರಮೇಶಕುಮಾರ ಅಂತ ಇಂಜಿನಿಯರ್ ಬಂದ. ಮನಿ ಚಂದ ಕಾಣಲಿ ಅಂತ ನಮ್ಮ ತಮ್ಮ, ಶಾಣ್ಯಾ, ಹಿಂದಿನ ದಿನಾನೇ ಮುಂದಿನ ಗ್ವಾಡಿಗೆಲ್ಲ ಸುಣ್ಣಾ ಬಳದಿದ್ದ. ಇಂಜಿನಿಯರ್ ಬಂದಾಂವನೇ ಆ ಗ್ವಾಡಿಗಿ ಆತು ನಿಂತ. ಕರೀ ಅಂಗಿ ಬೆನ್ನೆಲ್ಲ ಬೆಳ್ಳಗಾಯ್ತು. ಶಿವಗಂಗಾ ಸೆರಗಿನಾಗ ಬಾಯಿ ಮುಚ್ಕೊಂಡು ನಕ್ಕಳು, ನಾ ಎದುರಿಗೇ ನಕ್ಕೆ. ಅಂವ ಪೆನ್ನಿನ ತುದಿಲೆ ತೊಲಿ ಚುಚ್ಚಿ ನೋಡಿದ. ಪೆನ್ನು ಸೀದಾ ಒಳಗ ಹೋಯ್ತು, ಗೆದ್ದಲ ಮಣ್ಣು ಸುರೀತು. ನಗೂದು ಅಲ್ಲಿಗೇ ನಿಂತು ಹೋಯ್ತು.

"ಈ ಮನಿಗಿ ಬೆಲೆ ಏನೂ ಇಲ್ರಿ. ಬೆಲೆ ಇರೂದು ಜಾಗಾಕ್ಕ ಅಷ್ಟೇ" ಅಂದ ಅಂವ. "ರಿಪೇರಿಗಿ ಅಂತ ಬ್ಯಾಂಕು ರೊಕ್ಕಾ ಕೊಡಂಗಿಲ್ಲ. ಪೂರಾ ಕೆಡವಿ, ನಕ್ಷೆ ಮಂಜೂರು ಮಾಡಿಸಿ ಕಟ್ಟಿದ್ರ ಕೊಡ್ತದ."

ಹಿತ್ತಲಕ್ಕ ಬಂದು ನನ್ನ ಖೋಲಿ ಸುತ್ತ ತಿರಗ್ಯಾಡಿದ. ಗ್ವಾಡಿಗಿ ಕೈಲೆ ಗುದ್ದಿ ನೋಡಿದ. "ಇದು ಭಾಳ ಗಟ್ಟಿ ಅದ ಬಿಡ್ರಿ" ಅಂದಾಗ ನನ್ನ ಎದಿ ಉಬ್ಬಿತು. ಚಾ ಮಾಡಿ ಕೊಟ್ಟೆ, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಎರಡು ರೊಟ್ಟಿ ತಿಂದು ಕೈ ತೊಳಕೊಂಡು ಅಂದ, "ಆದ್ರ ಹಿಂದ ಜಾಗಾ ಬಿಡದಿದ್ರ ನಗರಸಭೆಯವರು ನಕ್ಷೆ ಮಂಜೂರು ಮಾಡಂಗಿಲ್ರಿ. ಈ ಖೋಲಿ ಮೊದಲ ತಗೀಬೇಕಾಗ್ತದ."

ನಾ ತಮ್ಮನ ಮಾರಿ ನೋಡಿದೆ. ಅಂವ ನೆಲಾ ನೋಡಾಕತ್ತಿದ್ದ.

ಆ ದಿನ ನಾ ಬೈಯದ ಬೈಗುಳ ಉಳೀಲಿಲ್ಲ. ಬ್ಯಾಂಕಿಗಿ, ನಗರಸಭೆಗಿ, ತಿಂದ ರೊಟ್ಟಿ ಕರಗೂದರಾಗ ಖೋಲಿ ನುಂಗಿದ ಆ ಇಂಜಿನಿಯರ್‌ಗಿ, ಎಲ್ಲಾರಿಗೂ ಬೈದೆ. ತಮ್ಮ ಕಾಲು ಹಿಡಕೊಂಡ. "ನೀ ಬ್ಯಾಡ ಅಂದ್ರ ಬ್ಯಾಡ ಅಕ್ಕಾ, ಸಾಲಾ ಬಿಡ್ತೀನಿ" ಅಂದ. ನಾ ಏನಂತ ಹೇಳಲಿ? ಆಕಿ ಹೊಟ್ಯಾಗಿನ ಕೂಸು ಆ ತೊಲಿ ಬುಡಕ ಮಲಗಬೇಕೇನು? "ಕೆಡವು" ಅಂದೆ. ಹೊಸಾ ಮನಿಯೊಳಗ ನಿನಗೊಂದು ಖೋಲಿ ತಗಸ್ತೀನಿ ಅಂತ ಅಂವ ಹೇಳಿದ. ಆ ಮಾತು ಖರೇ ಮನಸಿನಿಂದನೇ ಹೇಳಿದ, ನನಗ ಗೊತ್ತದ.

ನನ್ನ ಖೋಲಿ ಕೆಡವಲಿಕ್ಕಿ ಎರಡು ದಿನಾ ಹಿಡೀತು. ಅಷ್ಟು ಗಟ್ಟಿ ಇತ್ತು. ಕೆಲಸದವರು ಬೆವರು ಒರಸ್ಕೊಂತ "ಯಾರು ಕಟ್ಟಿದ್ರಬೇ ಇದನ್ನ?" ಅಂತ ಕೇಳಿದ್ರು. ನಾ ಆಪಾನ ಮನಿಗಿ ಹೋಗಿ ಬಾಗಲಾ ಹಾಕ್ಕೊಂಡು ಕುಂತೆ.

ಮನಿ ಏಳೂತನಕ ತಮ್ಮ, ಅವನ ಹೇಣ್ತಿ ಬಾಡಗಿ ಮನ್ಯಾಗ ಇದ್ರು. ಅಲ್ಲಿದ್ದಾಗಲೇ ಕೂಸು ಹುಟ್ಟಿತು. ನಾ ಆಪಾನ ಪಡಸಾಲ್ಯಾಗ ಉಳದೆ, ಆಕಿ ಅಂಗಳದಾಗ ಒಲಿ ಹೂಡಿದೆ. ಬ್ಯಾಂಕಿನವರು ರೊಕ್ಕಾ ಒಂದೇ ಸಲಕ್ಕ ಕೊಡಂಗಿಲ್ಲ. ಗ್ವಾಡಿ ಎದ್ದ ಮ್ಯಾಲ ಒಂದಿಷ್ಟು, ಸ್ಲ್ಯಾಬ್ ಬಿದ್ದ ಮ್ಯಾಲ ಒಂದಿಷ್ಟು. ಸಿಮೆಂಟಿನ ರೇಟು ಏರ್ತು, ಸ್ಲ್ಯಾಬಿನ ಹೊತ್ತಿಗಿ ಕೈಯಾಗಿನ ರೊಕ್ಕಾ ಮುಗೀತು. ನಕ್ಷೆಯೊಳಗ ಮಲಗೂ ಖೋಲಿನೇ ಮೂರು ಇದ್ವು. ಎದ್ದದ್ದು ಒಂದು ಹಾಲ್, ಒಂದು ಅಡಗಿಮನಿ, ಒಂದು ಮಲಗೂ ಖೋಲಿ.

"ಅಕ್ಕಾ, ಹಾಲಿನಾಗ ಮಲ್ಕೋ. ನಿನ್ನ ಮನೀನೇ ಅಲ್ಲೇನು?" ಅಂದ ಸಿದ್ಧಲಿಂಗ.

"ನನ್ನ ಒಲಿ?"

"ಗ್ಯಾಸ್ ಅದಲ್ಲಾ... ಒಲಿ ಹೂಡಿದ್ರ ಹೊಸಾ ಗ್ವಾಡಿ ಹೊಗಿ ಹಿಡೀತದ ಅಕ್ಕಾ."

ಬುಟ್ಟಿಗಟ್ಟಲೆ ರೊಟ್ಟಿ ಗ್ಯಾಸಿನ ಮ್ಯಾಲ ಸುಟ್ರ ನನಗ ಉಳೂದೇನು, ಖಾಲಿ ಸಿಲಿಂಡರ್! ಇದು ಅವನಿಗಿ ತಿಳೀಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಬಾಯಿ ಜೋರಿನಾಕಿ ಅಂತ ಹೆಸರಷ್ಟೇ.

ಮನಿ ಶಾಂತಿ ದಿನ ಬೀಗರು ಬಿಜ್ಜರು ಎಲ್ಲಾ ಕೂಡಿದ್ರು. ಕೊಡ್ಲಿಯಿಂದ, ಚಿಮ್ಮನಚೋಡದಿಂದ ಚಿಗವ್ವನ ಹೆಣ್ಣಮಕ್ಕಳು ಬಂದಿದ್ರು. ಊಟಾ ಆಗಿ, ಮನಿಮಗಳು ಗಂಡನ ಮನಿಗಿ ಹೊಂಟಾಗ ಉಡಿ ತುಂಬಿ ಕಳಸೂದು ನಮ್ಮ ರೀತಿ. ಒಬ್ಬೊಬ್ಬರನ್ನೇ ಮಣಿ ಮ್ಯಾಲ ಕುಂದ್ರಿಸಿ ಶಿವಗಂಗಾ ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಖಣ ಉಡಿಯಾಗ ಹಾಕಿದಳು. ಉಡಿ ತುಂಬಿದವರನ್ನ ತಮ್ಮ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಬಸ್‌ಸ್ಟ್ಯಾಂಡಿಗಿ ಬಿಟ್ಟು ಬಂದ. ನಾ ತಾಟು ಹಿಡಕೊಂಡು ಶಿವಗಂಗಾನ ಬಾಜೂ ನಿಂತಿದ್ದೆ.

ಎಲ್ಲಾರದೂ ಮುಗದ ಮ್ಯಾಲ ಆಕಿ ನನ್ನ ಕೈಯಾಗಿನ ತಾಟು ಇಸ್ಕೊಂಡಳು.

"ಅಕ್ಕಾರ, ಈಗ ನೀವು ಕುಂದರ್ರಿ. ಈ ಮನಿಮಗಳು ನೀವೂ ಅಲ್ಲೇನ್ರಿ? ನಿಮಗಂತ ಚಲೋ ಸೀರಿ ತಂದೀನಿ."

ಕಣ್ಣಾಗ ಎಷ್ಟು ಪ್ರೀತಿ ಇತ್ತು ಆ ಹುಡುಗಿಗಿ! ತವರಿಗಿ ಬಂದಾಗಿಂದ ಈ ಮನಿಯೊಳಗ ನಾ ಉಡಿ ತುಂಬೂ ಕಡೆ ನಿಂತಾಕಿ. ನನಗ್ಯಾರೂ ತುಂಬಿದ್ದಿಲ್ಲ, ಯಾಕಂದ್ರ ನಾ ಎಲ್ಲಿಗೂ ಹೋಗಾಕಿ ಅಲ್ಲ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಮಂದಿ ಅಂದಾಗೆಲ್ಲ ನಾ ನಕ್ಕು ಬಿಟ್ಟಾಕಿ.

ಬ್ಯಾಡ ಅನ್ನಬೇಕಿತ್ತು. ಶುಭ ದಿನ, ಬಾಣಂತನ ಮುಗಿಸಿದ ಹುಡುಗಿ ಕೈಮುಂದ ಮಾಡಿ ನಿಂತಾಳ, ಹೆಂಗ ಬ್ಯಾಡ ಅನ್ನಲಿ? ಕುಂತೆ. ಬೊಗಸಿ ಬೊಗಸಿ ಅಕ್ಕಿ ನನ್ನ ಸೆರಗಿನಾಗ ಬಿತ್ತು. ತವರು ತುಂಬಿರಲಿ ಅಂತ ಒಂದಿಷ್ಟು ಅಕ್ಕಿ ತಗದು ಒಳಗೇ ಚೆಲ್ಲಿದೆ. ಉಳದಿದ್ದ ಓಣಿ ಹೆಣ್ಣಮಕ್ಕಳು ದಾರಿ ಬಿಟ್ಟರು. ರೀತಿ ಇದ್ದಂಗ ನಾ ಹೊಸ್ತಿಲಾ ದಾಟಿದೆ.

ಹೊರಗ ಸಿದ್ಧಲಿಂಗ ಆಗಷ್ಟೇ ಬಸ್‌ಸ್ಟ್ಯಾಂಡಿನಿಂದ ಹೊಳ್ಳಿ ಬಂದಿದ್ದ. ನನ್ನ ತುಂಬಿದ ಉಡಿ ನೋಡಿದಾಂವನೇ ಗಾಡಿ ತಿರುಗಿಸಿದ.

"ಲಗೂ ಕುಂದ್ರು ಅಕ್ಕಾ, ಬಸ್ಸು ಹೋಗ್ತದ."

"ಯಾವ ಊರಿನ ಬಸ್ಸೋ, ಸಿದ್ದೂ?" ಅಂತ ಕೇಳಿದೆ.

ಅಂವ ಗಾಡಿ ಬಂದ್ ಮಾಡಿದ. ಮಾರಿ ಸುಣ್ಣದಂಗ ಬೆಳ್ಳಗಾಯ್ತು. "ಅಕ್ಕಾ, ಬೆಳಗಿನಿಂದ ಎಲ್ಲಾರನ್ನೂ ಬಿಟ್ಟು ಬಿಟ್ಟು... ಬಾಯಿಗಿ ಬಂದುಬಿಡ್ತು" ಅಂದ. ಅಳಾಕತ್ತ. "ನಡೀ ಅಕ್ಕಾ, ಒಳಗ ನಡೀ."

ಬಾಗಲದಾಗ ಹೆಣ್ಣಮಕ್ಕಳು ನಿಂತು ನೋಡಾಕತ್ತಿದ್ರು. ಉಡಿ ತುಂಬಿಸ್ಕೊಂಡು ಹೊಸ್ತಿಲಾ ದಾಟಿದಾಕಿ ಹೊಳ್ಳಿ ಒಳಗ ಹೋದ್ರ ತವರಿಗಿ ಚಲೋ ಅಲ್ಲ. ಒಳಗ ಹಸಗೂಸು ಅದ.

"ಅಳಬ್ಯಾಡೋ, ಮಂದಿ ನೋಡ್ತಾರ" ಅಂದೆ. "ಗಾಡಿ ಚಾಲೂ ಮಾಡು. ವಾಡಿ ಬಸ್ಸಿಗಿ ಬಿಡು, ಖಾನಾವಳ್ಯಾಗ ಒಲಿ ಅದಾವ."

ಒಂದು ಕೈಲೆ ಉಡಿ ಹಿಡಕೊಂಡು, ಇನ್ನೊಂದು ಕೈ ಅವನ ಹೆಗಲ ಮ್ಯಾಲ ಇಟ್ಟು ಹಿಂದ ಕುಂತೆ.